ಇರಿವಿ ಹಿಡಿಯುವ ಲೆನ್ಸ್

“ಜನ ಕಡಿಮೆ ಕಾಣಬೇಕು. ಅಂಥ ಲೆನ್ಸ್ ಇದ್ದರೆ ತೆಗಿ.”

ಸ್ವಾರಗೇಟದ ಬಸ್ ನಿಲ್ದಾಣದೆದುರಿನ ಫೋಟೋ ಸ್ಟುಡಿಯೋದಲ್ಲಿ ಶಿವರುದ್ರಪ್ಪ ಕಾಂಟ್ರ್ಯಾಕ್ಟರ್ ಇದನ್ನು ಮರಾಠಿಯಲ್ಲಿ ಕೇಳಿದ. ವಿಜಾಪುರದಿಂದ ಪುಣೆಗೆ ಬಂದಂದಿನಿಂದ ಅವನದೊಂದು ಶಿಸ್ತು. ಹೊಸಿಲು ದಾಟಿದರೆ ಮರಾಠಿ. ಕನ್ನಡವೇನಿದ್ದರೂ ಕೂಲಿಗಳನ್ನು ಬಯ್ಯುವುದಕ್ಕೆ, ಮತ್ತೆ ಗುಟ್ಟು ಹೇಳುವುದಕ್ಕೆ.

ಸ್ಟುಡಿಯೋದ ಅಪ್ಪಾಸಾಹೇಬ ನಗಲಿಲ್ಲ, ಯಾಕೆಂದು ಕೇಳಲೂ ಇಲ್ಲ. ಮೂರು ಲೆನ್ಸು ತೆಗೆದು ಗಾಜಿನ ಮೇಜಿನ ಮೇಲಿಟ್ಟ. ಮೊದಲನೆಯದನ್ನು ಕ್ಯಾಮೆರಾಕ್ಕೆ ಹಾಕಿ, ಇದು ಮದುವೆ-ಮುಂಜಿವೆಗೆ, ಕಣ್ಣಿಗೆ ಹೇಗೋ ಹಾಗೆ, ಎಂದ. ಕಣ್ಣಿಗೆ ಕಂಡದ್ದು ಶಿವರುದ್ರಪ್ಪನಿಗೆ ಬೇಕಿರಲಿಲ್ಲ. ಎರಡನೆಯದು ಉದ್ದನೆಯ ಟೆಲಿ. ದೂರದ ಮುಖಗಳನ್ನು ಹತ್ತಿರ ಎಳೆಯುವಂಥದ್ದು. ಒಂದು ಕಣ್ಣು ಮುಚ್ಚಿ ನಿಲ್ದಾಣದ ಕಡೆ ನೋಡಿದವನೇ ಬೆಚ್ಚಿದ. ಸೊಲ್ಲಾಪುರದ ಬಸ್ಸಿಗೆ ಕಾದಿದ್ದ ಹತ್ತಿಪ್ಪತ್ತು ಜನ ತಲೆಗೆ ತಲೆ ಹತ್ತಿ, ಮೋರ್ಚಾ ಬಂದಂತೆ ಕಂಡರು.

“ಅಯ್ಯಯ್ಯೋ, ಇದರಾಗ ನಾಕ ಮಂದಿ ನಾನೂರ ಆಗ್ತಾರ!” ಎಂದು ಪಕ್ಕದ ಮೇಸ್ತ್ರಿ ಕಾಶಪ್ಪನಿಗೆ ಕನ್ನಡದಲ್ಲಿ ಹೇಳಿದ.

ಮೂರನೆಯದು ಗಿಡ್ಡ, ಅಗಲ ನೋಟದ್ದು, ಬಯಲಿಗೆ, ಕಟ್ಟಡಗಳಿಗೆ. ಅದರಲ್ಲಿ ಅದೇ ಜನ ದೂರ ಸರಿದು ಚೆಲ್ಲಿದ ಸಾಸಿವೆಯಾದರು.

“ಇದ ನೋಡ್ ಕಾಶಪ್ಪ! ಎಲ್ಲಾರೂ ಇರಿವಿ ಹಂಗ ಕಾಣ್ತಾರ. ನೀರಿನ ಕಚೇರಿ ಸಾಹೇಬಗ ಏನ್ ತಿಳೀತದ, ಮಣ್ಣ?”

ಇದರಲ್ಲಿ ಅಂಚು ಜೋಪಾನ, ಬೇಡದ್ದೂ ಬಂದುಬಿಡುತ್ತದೆ, ಎಂದು ಅಪ್ಪಾಸಾಹೇಬ ಮರಾಠಿಯಲ್ಲಿ ಎಚ್ಚರಿಸಿದ. ಬರಲಿ ಬಿಡು, ನನ್ನ ಬಂಗಲೆಯೂ ಬರಲಿ, ಎಂದು ಶಿವರುದ್ರಪ್ಪ ಮರಾಠಿಯಲ್ಲೇ ನಕ್ಕ.

ವಿಷಯ ನೀರಿನದು. ಎಪ್ಪತ್ತೆಂಟರ ಬೇಸಿಗೆ. ಮಾರ್ಕೆಟ್ ಯಾರ್ಡಿನ ಹಿಂದಿನ ಗುಡ್ಡದ ಇಳಿಜಾರಿನಲ್ಲಿ ಅವನ ಕೂಲಿಗಳ ತಗಡಿನ ಗುಡಿಸಲು. ಊರಿಗೆಲ್ಲ ಮನೆ ಕಟ್ಟಿದ ಕೈಗಳಿಗೆ ಒಂದು ನಲ್ಲಿ ಇರಲಿಲ್ಲ. ಪಕ್ಕದಲ್ಲೇ ಶಿವರುದ್ರಪ್ಪನ ಹೊಸ ಬಂಗಲೆ. ಅದರ ಹುಲ್ಲಿಗೆ ದಿನವಿಡೀ ಪೈಪು. ಗಾರೆ ಹೊರುವ ಯಾದಗಿರಿ ಕಡೆಯ ಚಂದಮ್ಮ ನೀರಿನ ಕಚೇರಿಯ ಮೆಟ್ಟಿಲು ಸವೆಸಿದ್ದಳು. ಬೂಟಿಗೆ ಕೆಸರು ತಾಗಿಸಿಕೊಳ್ಳಲೊಲ್ಲದ ಸಾಹೇಬ ಅವಳನ್ನೂ ಶಿವರುದ್ರಪ್ಪನನ್ನೂ ಎದುರಿಗೆ ಕರೆದು ಹೇಳಿದ್ದ: ಗುಡಿಸಲಿನವರೆಲ್ಲರನ್ನೂ ನಿಲ್ಲಿಸಿ ಒಂದು ಫೋಟೋ ತನ್ನಿ; ಐವತ್ತು ಜನ ದಾಟಿದರೆ ಕಾಂಟ್ರ್ಯಾಕ್ಟರನ ಪೈಪಿನಿಂದಲೇ ಅವರಿಗೆ ನಲ್ಲಿ. ಇಪ್ಪತ್ತೈದೇ ಜನ ಸಾಹೇಬ, ಎಂದು ಶಿವರುದ್ರಪ್ಪ ಅಷ್ಟರಲ್ಲಾಗಲೇ ಹೇಳಿಬಿಟ್ಟಿದ್ದ.

ರವಿವಾರ ಅಪ್ಪಾಸಾಹೇಬ ಕ್ಯಾಮೆರಾ ಹೊತ್ತು ಗುಡ್ಡ ಹತ್ತಿ ಬಂದ. ಅಂಗಿ ಬೆವರಿಗೆ ಅಂಟಿತ್ತು.

“ಕಾಶಪ್ಪ, ಇವಗ ಚಾ-ಗೀ ಏನೂ ಬ್ಯಾಡ. ಒಂದ್ ತಂಬಿಗಿ ನೀರ್ ಕೊಟ್ರ ಸಾಕು,” ಎಂದು ಶಿವರುದ್ರಪ್ಪ ಅವನೆದುರಿಗೇ ಕನ್ನಡದಲ್ಲಿ ಹೇಳಿದ. ಆಮೇಲೆ ಮರಾಠಿಗೆ ತಿರುಗಿ, ಚಹಾ ತರಿಸಲೇ ಎಂದು ಬಾಯ್ತುಂಬ ಕೇಳಿದ.

“ನಕೋ ಸಾಹೇಬ,” ಎಂದ ಅಪ್ಪಾಸಾಹೇಬ. ನೀರೇ ಸಾಕು ಅಂದ. ಅರ್ಧ ಕುಡಿದ. ಉಳಿದರ್ಧವನ್ನು ಚಂದಮ್ಮನ ಖಾಲಿ ಕೊಡಕ್ಕೆ ಸುರಿದ.

ಆಮೇಲೆ ಎರಡೂ ಕೈ ಅಗಲಿಸಿ, ಹರಡಿ ನಿಲ್ಲಿ ಎಂಬಂತೆ ಬೀಸಿದ. ಚಂದಮ್ಮನಿಗೆ ಅಷ್ಟೇ ಸಾಕಾಯಿತು. ಜನರನ್ನು ಇಳಿಜಾರಿನ ಉದ್ದಕ್ಕೂ ಹರಡಿ ನಿಲ್ಲಿಸಿದಳು. ಒಬ್ಬರ ಹಿಂದೆ ಒಬ್ಬರಿಲ್ಲ. ನಡುವೆ ಒಂದೊಂದು ಮಾರು ಜಾಗ.

“ಏನ್ ನಿಂದ್ರಸ್ತಿ ಚಂದಮ್ಮ, ಬದನಿ ಸಸಿ ಹಚ್ಚಿದಂಗ!”

“ಸಸಿಗಿ ನೀರ್ ಬೇಕಲ್ರಿ ಧಣಿ,” ಎಂದಳು ಅವಳು.

ಕ್ಯಾಮೆರಾದ ಹಿಂದೆ ಅಪ್ಪಾಸಾಹೇಬನಿಗೆ ಕೆಮ್ಮು ಬಂತು. ಶಿವರುದ್ರಪ್ಪ ತನ್ನ ಹುಲ್ಲಿನ ಮೇಲೆ, ಹರಿಯುವ ಪೈಪಿನ ಪಕ್ಕದಲ್ಲಿ, ಸೊಂಟಕ್ಕೆ ಕೈಯಿಟ್ಟು ನಿಂತ. ತಾನು ಚೌಕಟ್ಟಿನ ಹೊರಗಿದ್ದೇನೆಂದೇ ಅವನ ಲೆಕ್ಕ.

ಪ್ರಿಂಟು ಬಂತು. ದೊಡ್ಡ ಹಾಳೆ, ಅದರ ತುಂಬ ಸಣ್ಣ ಸಣ್ಣ ಚುಕ್ಕೆ. ಕಚೇರಿಯ ಜಗಲಿಯಲ್ಲಿ ಒಮ್ಮೆ ಕಣ್ಣಾಡಿಸಿ, ಇರಿವಿಗಳೇ ಎಂದು ಖಾತ್ರಿ ಮಾಡಿಕೊಂಡು, ಶಿವರುದ್ರಪ್ಪ ಸಾಹೇಬನ ಮೇಜಿನ ಮೇಲೆ ಹರವಿದ.

ಸಾಹೇಬ ಡ್ರಾವರಿನಿಂದ ಭೂತಗನ್ನಡಿ ತೆಗೆದ.

ಪೆನ್ಸಿಲ್ ತುದಿ ಒಂದೊಂದೇ ತಲೆ ಮುಟ್ಟುತ್ತ ನಡೆಯಿತು. ಶಿವರುದ್ರಪ್ಪ ಮೇಜಿನ ಮೇಲೆ ಬಾಗಿ ನೋಡಿದ. ಜನ ಸಣ್ಣವರಾಗಿದ್ದರು, ಕಡಿಮೆಯಾಗಿರಲಿಲ್ಲ. ಆ ಟೆಲಿಯಲ್ಲಾದರೆ ಮುಂದಿನ ತಲೆಗಳು ಹಿಂದಿನವರನ್ನು ನುಂಗುತ್ತಿದ್ದವು. ಇಲ್ಲಿ ಕಂಕುಳ ಕೂಸು ಕೂಡ ಬೇರೆಯಾಗಿ ಕಾಣುತ್ತಿತ್ತು. ಪೆನ್ಸಿಲ್ ಐವತ್ತು ದಾಟಿತು, ನೂರರತ್ತ ಹೊರಟಿತು. ಕೊನೆಗೆ ಬಲ ಅಂಚಿಗೆ ಬಂದು ನಿಂತಿತು. ಅಲ್ಲಿ ಹುಲ್ಲು, ಸುರಿಯುವ ಪೈಪು, ಒಬ್ಬ ಮನುಷ್ಯ. ಅಂಚಿನಲ್ಲಿದ್ದದ್ದನ್ನು ಹಿಗ್ಗಿಸುವ ಲೆನ್ಸ್ ಅದು. ಆ ಮನುಷ್ಯ ಬಾಗಿಲಷ್ಟು ಅಗಲವಾಗಿದ್ದ.

“ಇವರನ್ನೂ ಎಣಿಸಲೇ?” ಎಂದು ಕೇಳಿ, ಉತ್ತರಕ್ಕೆ ಕಾಯದೆ ಸಾಹೇಬ ನಲ್ಲಿಗೆ ಸಹಿ ಹಾಕಿದ.

ಶಿವರುದ್ರಪ್ಪ ಸೀದಾ ಸ್ವಾರಗೇಟಕ್ಕೆ ನುಗ್ಗಿದ. ಮೇಜು ಗುದ್ದಿದ. ಜನರನ್ನು ಹಾಗೆ ಹರಡಿ ನಿಲ್ಲಿಸೆಂದು ನಿನಗೆ ಯಾರು ಹೇಳಿದರು, ಎಂದು ತನಗೆ ಬರುವ ಅಷ್ಟೂ ಮರಾಠಿ ಮುಗಿಯುವ ತನಕ ಕೂಗಾಡಿದ. ಅಪ್ಪಾಸಾಹೇಬ ಗಿಡ್ಡ ಲೆನ್ಸನ್ನು ಮೆತ್ತನೆಯ ಬಟ್ಟೆಯಿಂದ ಒರೆಸುತ್ತ ಪೂರ್ತಿ ಕೇಳಿಸಿಕೊಂಡ. ಒಂದು ಕುರ್ಚಿ ಎಳೆದು ಮುಂದಿಟ್ಟ.

“ಇರಿವಿ ಹಂಗ ಕಾಣ್ಲಿ ಅಂತ ನೀವ ಅಂದಿದ್ರಲ್ರಿ ಧಣಿ,” ಎಂದ, ಅಚ್ಚ ಯಾದಗಿರಿ ಕನ್ನಡದಲ್ಲಿ. “ಕೂಡ್ರಿ, ಚಾ ತರಸ್ತೀನಿ. ಬರೇ ತಂಬಿಗಿ ನೀರ್ ಕೊಟ್ಟು ಕಳಸಿದ್ರ ನಮ್ಮ ಚಂದಮ್ಮ ದೊಡ್ಡವ್ವ ಬೈತಾಳ.”