ಬಸವನಹುಳದ ಹೊದಿಕೆ

ಅಪ್ಪ ಬಿಟ್ಟುಹೋದ ಹಳೆಯ ಕಾರಿಗೆ ಚಿದಾನಂದ ಎಂಜಿನ್ನಿನ ಕಸುವು ಹೆಚ್ಚಿಸುವ ಟರ್ಬೊ ಕೂರಿಸಿದ್ದ. ಸುರುಳಿ ಸುತ್ತಿಕೊಂಡ ಆ ಕಬ್ಬಿಣವನ್ನು ಅಮ್ಮ ಬಸವನಹುಳ ಎನ್ನುತ್ತಿದ್ದಳು. ಕಾರು ಓಡುವಾಗ ಅದು ಕೆಂಡವಾಗುತ್ತಿತ್ತು. ಪಕ್ಕದಲ್ಲೇ ಪೆಟ್ರೋಲ್ ಪೈಪು. ಹಾಗಾಗಿ ಬಾಣಂತಿಗೆ ಸುತ್ತಿದಂತೆ ಟರ್ಬೊಗೆ ಬೆಂಕಿ ತಗುಲದ ದಪ್ಪ ಹೊದಿಕೆ ಸುತ್ತಿ ತಂತಿ ಬಿಗಿದಿದ್ದ. ಮನೆಗೆ ಬಂದಮೇಲೆ ಕಾವು ಇಳಿಯಲೆಂದು ಬೆಳಗಿನವರೆಗೂ ಬಾನೆಟ್ ತೆರೆದೇ ಇಡುತ್ತಿದ್ದ.

ಇವತ್ತು ಮೊದಲ ಸಲ ಅಮ್ಮನನ್ನು ಕೂರಿಸಿಕೊಂಡು ಬೆಟ್ಟದ ದೇವಸ್ಥಾನಕ್ಕೆ ಹೊರಟಿದ್ದ. ಏರು ಶುರುವಾಗುತ್ತಲೇ ಸುಟ್ಟ ವಾಸನೆ ಮೂಗಿಗೆ ಬಡಿಯಿತು. ಒಂದು ಕಡೆ ಬಂಡೆ, ಇನ್ನೊಂದು ಕಡೆ ಪ್ರಪಾತ, ನಿಲ್ಲಿಸಲು ಜಾಗವಿರಲಿಲ್ಲ.

“ಅಮ್ಮಾ, ಏನೋ ಸುಟ್ಟ ವಾಸನೆ ಬರ್ತಿಲ್ವಾ?”

“ದೀಪದ ವಾಸನೆ ಕಣೋ. ದೇವಸ್ಥಾನ ಹತ್ರ ಬಂತೇನೋ.”

“ದೇವಸ್ಥಾನ ಇನ್ನೂ ದೂರ ಇದೆ.”

ಅಮ್ಮ ಕಣ್ಣು ಮುಚ್ಚಿ ಕೈ ಮುಗಿದಳು. ಬಾನೆಟ್ಟಿನ ಸಂದಿಯಿಂದ ಹೊಗೆಯ ಎಳೆಯೊಂದು ಎದ್ದು ಗಾಜಿಗೆ ತಾಗಿತು. ಅವನು ಬ್ರೇಕ್ ಒತ್ತಿದ. ಹಿಂದಿನ ಲಾರಿ ಒಂದೇ ಸಮನೆ ಹಾರ್ನ್ ಮಾಡತೊಡಗಿತು.

“ಅಮ್ಮಾ, ಬಾಗಿಲು ತೆಗಿ! ಇಳಿ ಬೇಗ!”

“ಯಾಕೋ ಇಷ್ಟು ಗಾಬರಿ?” ಅಮ್ಮ ನಕ್ಕು ಅವನ ತೋಳು ಸವರಿದಳು. “ಈ ಕಾರಿಗೆ ಇನ್ನು ಯಾರ ದೃಷ್ಟೀನೂ ತಾಗಲ್ಲ ಚಿದು. ಬೆಳಿಗ್ಗೆ ನೀನು ಸ್ನಾನಕ್ಕೆ ಹೋದಾಗ ಆ ಬಸವನಹುಳದ ಮೇಲಿದ್ದ ಕೊಳಕು ಬಟ್ಟೆ ಕಿತ್ತು ಬಿಸಾಕಿ, ದೇವಿಯ ಕೆಂಪು ವಸ್ತ್ರಾನ ದೀಪದೆಣ್ಣೇಲಿ ಅದ್ದಿ ಸುತ್ತಿದೀನಿ.”