ಸಣ್ಣ ಎಂಜಿನ್ನಿನ ಗಿರಾಕಿ

ಆ ಹೆಂಗಸು ಅಂಗಳಕ್ಕೆ ಕಾಲಿಟ್ಟಾಗಿನಿಂದಲೂ ಹಳೇ ಕಾರುಗಳ ದಲ್ಲಾಳಿಗೆ ಒಳಗೊಳಗೇ ಗುಮಾನಿ. ಚೌಕಾಸಿ ಮಾಡಲಿಲ್ಲ, ಮೈಲೇಜ್ ಕೇಳಲಿಲ್ಲ. ನೇರವಾಗಿ ಮೂಲೆಯಲ್ಲಿದ್ದ ಎರಡು ಸ್ಪೋರ್ಟ್ಸ್ ಕಾರುಗಳ ಮುಂದೆ ಹೋಗಿ ನಿಂತಳು. ಎರಡೂ ಒಂದೇ ಮಾದರಿಯವು, ಎರಡೇ ಸೀಟಿನ ಹಗುರ ಗಾಡಿಗಳು. ಕೆಂಪು ಕಾರಿಗೆ ದೊಡ್ಡ ಎಂಜಿನ್, ನೀಲಿಗೆ ಸಣ್ಣದು.

"ಕೆಂಪು ತಗೊಳ್ಳಿ ಮೇಡಂ. ಎರಡು ಲೀಟರ್ ಎಂಜಿನ್ನು. ಆಕ್ಸಿಲರೇಟರ್ ಮುಟ್ಟಿದ್ರೆ ಸಾಕು, ಹಾರುತ್ತೆ."

"ನೀಲಿ ಸ್ಟಾರ್ಟ್ ಮಾಡಿ."

ಮನಸ್ಸಿಲ್ಲದ ಮನಸ್ಸಿನಿಂದ ಮಾಡಿದ. ಆಕೆ ಕಣ್ಣು ಮುಚ್ಚಿಕೊಂಡು ಸದ್ದು ಕೇಳಿದಳು. ಆಮೇಲೆ ಬಾನೆಟ್ಟಿನ ಅಂಚನ್ನು ಉಗುರಿನಿಂದ ಕೆರೆದಳು.

"ಬಣ್ಣ ಹೊಸದಾ?"

"ಕಂಪನಿ ಬಣ್ಣಾನೇ ಮೇಡಂ."

ಆರ್‌ಟಿಓ ಕಡೆಯವಳೋ, ಪಕ್ಕದ ಬೀದಿಯ ದಲ್ಲಾಳಿ ಬೇಹು ನೋಡಲು ಕಳಿಸಿದವಳೋ? ಅವನು ತಟ್ಟನೆ ಎಂಜಿನ್ ಆರಿಸಿ, ಕಾರನ್ನು ಲಾಕ್ ಮಾಡಿದ.

"ಇದರಲ್ಲಿ ದಮ್ಮಿಲ್ಲ ಮೇಡಂ, ಘಾಟ್ ಹತ್ತುವಾಗ ಏದುಸಿರು ಬಿಡುತ್ತೆ. ಇದರ ರೇಟಿಗೇ ಆ ದೊಡ್ಡದನ್ನ ಕೊಡ್ತೀನಿ, ತಗೊಂಡ್ಹೋಗಿ."

"ಎಂಜಿನ್ ಸಣ್ಣದಾಗಿ ಮೂತಿ ಹಗುರ ಇದ್ರೆ ಗಾಡಿ ತಿರುವಲ್ಲಿ ಮಾತು ಕೇಳುತ್ತೆ. ನನಗೆ ಸಣ್ಣದೇ ಬೇಕು."

ದುಬಾರಿ ಮಾಲನ್ನು ಅಗ್ಗಕ್ಕೆ ಕೊಟ್ಟರೂ ಬೇಡವೆನ್ನುವ ಗಿರಾಕಿಯನ್ನು ಅವನು ಈ ಜನ್ಮದಲ್ಲಿ ಕಂಡಿರಲಿಲ್ಲ.

"ಇದಕ್ಕೆ ಎರಡು ಕೀ ಇರಬೇಕಲ್ವಾ? ಇನ್ನೊಂದೆಲ್ಲಿ?"

"ಹಳೇ ಓನರ್ರು ಎಲ್ಲೋ ಕಳ್ಕೊಂಡುಬಿಟ್ರಂತೆ ಮೇಡಂ."

"ಕಳ್ಕೊಂಡಿಲ್ಲ" ಎನ್ನುತ್ತ ಆಕೆ ಕೈಚೀಲದಿಂದ ಒಂದು ಕೀ ತೆಗೆದು ಒತ್ತಿದಳು; ನೀಲಿ ಕಾರು ಎರಡು ಸಲ ಕಣ್ಣು ಮಿಟುಕಿಸಿತು.