ಉಬ್ಬು ಗುಲಾಬಿ

ಸಣ್ಣ ಮಗನ ಮದುವೆಯಲ್ಲಿ ಹಿರಿಸೊಸೆಯ ಕೈ ಎದ್ದು ಕಾಣಬೇಕೆಂದು ಅತ್ತೆ ತಾವೇ ಪಾರ್ಲರಿಗೆ ಕರೆತಂದು, ಹೊರಗಿನ ಬೆಂಚಿನಲ್ಲಿ ಕೂತಿದ್ದರು.

ಒಳಗೆ ಪಾರ್ಲರಿನವಳು ಸೊಸೆಯ ಬೆರಳು ತಿರುಗಿಸಿ ನೋಡಿದಳು. ಸಂದಿಯ ಹುಣ್ಣುಗಳು ಮಾಯ್ದಿದ್ದವು. ಮೊನ್ನೆ ಒಂದೇ ಉಗುರಿಗೆ ಅಲಂಕಾರದ ಜೆಲ್ ಹಚ್ಚಿ ಪರೀಕ್ಷಿಸಿದ್ದಳು; ತುರಿಕೆ ಬಂದಿರಲಿಲ್ಲ.

"ಚರ್ಮಕ್ಕ ತಾಗದಂಗ, ಉಗುರಿನ ಮ್ಯಾಲಷ್ಟ ಉಬ್ಬು ಗುಲಾಬಿ ಕೂರಿಸ್ತೀನ್ರಿ. ಆದ್ರ ಮದುವಿಗೆ ಇನ್ನೂ ಹದಿನೈದು ದಿನ ಐತಿ. ಹಿಂದಿನ ದಿನ ಬರ್ರಿ."

"ಇಲ್ಲ. ಇವತ್ತ ಹಾಕ್ರಿ."

"ಮದುವಿ ತನಕ ಸೋಪಿನ ನೀರಾಗ ಕೈ ಹಾಕೂಹಂಗಿಲ್ಲ."

"ಹಾಕೂದಿಲ್ಲ."

"ಭಾಂಡೆ ತಿಕ್ಕೂಹಂಗಿಲ್ಲ, ರೊಟ್ಟಿ ಬಡಿಯೂಹಂಗಿಲ್ಲ."

"ಬಡಿಯೂದಿಲ್ಲ. ಹೂವು ಇನ್ನಷ್ಟು ದೊಡ್ಡದು ಮಾಡ್ರಿ."

ಪಾರ್ಲರಿನವಳಿಗೆ ಸಿಟ್ಟು ಬಂತು. "ಶೋಕಿಗೂ ಒಂದು ಮಿತಿ ಇರತೈತ್ರಿ. ಮದುವಿ ಮನ್ಯಾಗ ಹಿರೀ ಸೊಸಿ ಹಿಂಗ ಕೈ ಕಟ್ಟಿ ಕುಂತ್ರ ನಿಮ್ಮತ್ತಿ ಸುಮ್ಮನ ಬಿಡ್ತಾರೇನು?"

ಹತ್ತನೇ ಗುಲಾಬಿಯೂ ಜೆಲ್ ಒಣಗಿಸುವ ದೀಪದ ಕೆಳಗೆ ಗಟ್ಟಿಯಾಯಿತು. ಸೊಸೆ ಎರಡೂ ಕೈ ಚಾಚಿ ನೋಡಿಕೊಂಡಳು.

"ಈಗ ನಮ್ಮತ್ತಿಯವರನ್ನ ಒಳಗ ಕರದು, ನನಗ ಹೇಳಿದ್ದನ್ನೆಲ್ಲ ಹೇಳ್ರಿ. ಸೋಪಿನ ನೀರು ಮುಟ್ಟಬ್ಯಾಡ ಅಂತ ಡಾಕ್ಟರ್ ಹೇಳಿದಾಗ, ಸೊಸಿ ನೆವ ತಗೀತಾಳ ಅಂದಿದ್ರು."